ನಾಲ್ಕು ಬೆರಳು ಮೋಟು ಗಂಬಳಿ

ಕಾಶಾನ್ ಊರಿನ ನಮ್ಮ ಓಣಿಯಲ್ಲಿ ರತ್ನಗಂಬಳಿಯನ್ನು ಹಾಡುತ್ತಲೇ ನೇಯುತ್ತೇವೆ. ಒಬ್ಬಳು ನಕ್ಷೆ ನೋಡಿ ಬಣ್ಣ ಕೂಗಿದರೆ, ಪಕ್ಕದವಳು ಗಂಟು ಹಾಕಿ ‘ಹಾಕಿದೆ’ ಅನ್ನಬೇಕು. ನಮ್ಮ ಮನೆಯಲ್ಲಿ ಕೂಗುವವಳು ನನ್ನ ಅಕ್ಕ ತೂಬಾ. ಮಗ್ಗವೇ ಇಲ್ಲದಿದ್ದರೂ ಅವಳು ಕೂಗುತ್ತಿದ್ದಳು ಬಿಡಿ. ಐವತ್ತೆರಡು ವರ್ಷದಲ್ಲಿ ಒಂದು ಸಲವೂ ತನ್ನದು ತಪ್ಪು ಅಂದವಳಲ್ಲ. ಅವಳ ಕೈಯಿಂದ ಲೋಟ ಬಿದ್ದರೆ ಅದು ನೆಲದ್ದೇ ತಪ್ಪು.

ಅವಳ ಮಗಳು ಮಾಹ್‌ರುಖ್‌ಳ ಮದುವೆ ಗೊತ್ತಾದಾಗ, ಬಳುವಳಿಗೆಂದು ಅಕ್ಕ ಗಂಬಳಿ ಹೂಡಿದಳು. ಮಗ್ಗದ ಮುಂದಿನ ಹಲಗೆಯ ಎಡಕ್ಕೆ ಅವಳು, ಬಲಕ್ಕೆ ನಮ್ಮಣ್ಣನ ಹೆಂಡತಿ ಇಜ್ಜತ್. ಉಣ್ಣೆ ಸುತ್ತುವ ಕೆಲಸ ನನ್ನದು.

ಅರ್ಧ ಆಗುವಷ್ಟರಲ್ಲಿ ಎಡವಟ್ಟಾಯಿತು. ಇಜ್ಜತ್ ಅತ್ತಿಗೆ ಮಾಡಿದ ಸೊಪ್ಪಿನ ಆಶ್ ಗಂಜಿ ಉಣ್ಣುತ್ತ, ಇದನ್ನು ಗೋಡೆಗೆ ಮೆತ್ತಬಹುದು ಎಂದು ಅಕ್ಕ ನೆಂಟರೆದುರೇ ಅಂದುಬಿಟ್ಟಳು. ಅಂದಿನಿಂದ ಅತ್ತಿಗೆಯ ಬಾಯಲ್ಲಿ ‘ಹಾಕಿದೆ’ ಬಿಟ್ಟರೆ ಇನ್ನೊಂದು ಮಾತಿಲ್ಲ. ಅಕ್ಕ ಸುಮ್ಮನಿದ್ದಾಳೇ? ಬಣ್ಣಗಳ ನಡುವೆಯೇ ಚುಚ್ಚತೊಡಗಿದಳು.

“ಎರಡು ನೀಲಿ, ಒಂದು ಕೆಂಪು, ಮುಖ ಊದಿಸ್ಕೊಂಡು ಕೂತೋರಿಗೆ ಮೂರು ಹಸಿರು.”

“ಹಾಕಿದೆ.”

ಹಾಗಂದು ಅತ್ತಿಗೆ ಕಬ್ಬಿಣದ ಬಾಚಣಿಗೆ ಎತ್ತಿ ಸಾಲಿನ ಮೇಲೆ ಬಡಿದರೆ ಗೋಡೆಯ ಸುಣ್ಣ ಉದುರುತ್ತಿತ್ತು. ಬಡಿದಷ್ಟೂ ನೇಯ್ಗೆ ಕುಗ್ಗುತ್ತದೆ. ಬಲಗಡೆ ಇಳಿಯುತ್ತಿದೆ ಎಂದು ನಾನು ಹೇಳಿದೆ. ಮಗ್ಗ ವಾಲಿದೆ ಅಂದಳು ಅಕ್ಕ. ಇನ್ನು ಅವಳ ಜೊತೆ ವಾದ ಮಾಡುವವರು ಯಾರು!

ಮುಗಿಸಿ ಮಗ್ಗದಿಂದ ಇಳಿಸಿ ಹಾಸಿ ನೋಡಿದರೆ ಬಲಗಡೆ ನಾಲ್ಕು ಬೆರಳು ಮೋಟು. ಮಾರನೇ ದಿನವೇ ಗಂಡಿನ ತಾಯಿ ಫಖ್ರಿ ಖಾನಂ ಬಳುವಳಿ ನೋಡಲು ಬರುವವರಿದ್ದರು. ಅವರದು ನಲವತ್ತು ವರ್ಷ ನೇಯ್ದ ಕೈ. ಹಿರಿಮಗನಿಗೆ ನೋಡಿದ ಹುಡುಗಿಯನ್ನು ಒಂದು ಸೊಟ್ಟ ಹೊಲಿಗೆ ಕಂಡು ಬೇಡ ಅಂದಿದ್ದರು. ಮಾಹ್‌ರುಖ್ ತನ್ನ ಗಂಡಾಗುವ ಹುಡುಗನ ಮೇಲೆ ಜೀವ ಇಟ್ಟಿದ್ದಳು, ಪಾಪ, ಅವತ್ತು ತುತ್ತು ಮುಟ್ಟಲಿಲ್ಲ.

ಬೆಳಗಾಗುತ್ತಲೇ ಅಕ್ಕ ಮೋಟು ಕಡೆಗೆ ದಿಂಬು ಜೋಡಿಸಿ, ದಾಳಿಂಬೆ ತಟ್ಟೆ ಇಟ್ಟು, ಉಳಿದ ಜಾಗದಲ್ಲಿ ನನ್ನನ್ನು ಕೂರಿಸಿದಳು. ಫಖ್ರಿ ಖಾನಂ ನಿಧಾನವಾಗಿ ಚಹಾ ಮುಗಿಸಿ, ದಿಂಬು ತೆಗೆದು, ತಟ್ಟೆ ಸರಿಸಿ, ನನ್ನನ್ನೂ ಎಬ್ಬಿಸಿದರು. ಗೇಣು ಹಾಕಿ ಎರಡೂ ಕಡೆ ಅಳೆದರು. ಬಲಗಡೆಯ ಅಂಚನ್ನು ಅಂಗೈಯಿಂದ ಒತ್ತಿ ನೋಡಿದರು.

“ಈ ಕಡೆ ಕೂತೋಳು ಬಹಳ ಮಾತು ಕೇಳಿಸ್ಕೊಂಡಿದ್ದಾಳೆ,” ಅಂದರು.

ಇಜ್ಜತ್ ಅತ್ತಿಗೆಯೇ ಮುಂದೆ ಬಂದಳು.

“ನನ್ನ ಕೈ ಒರಟು, ಖಾನಂ. ಅಕ್ಕ ನೆಟ್ಟಗೇ ನೇಯ್ದಿದ್ದಾರೆ. ಹುಡುಗೀನ ಬೇಡ ಅನ್ಬೇಡಿ.”

ತಪ್ಪಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿ ಬೇಕೇ? ಅಕ್ಕ ಈಗ ಹೂಂ ಅನ್ನುತ್ತಾಳೆ ಅಂದುಕೊಂಡೆ. ಅವಳು ಬಾಯಿ ತೆರೆದಳು, ಮುಚ್ಚಿದಳು, ಮಗಳನ್ನು ನೋಡಿದಳು.

“ಇವಳ ಕೈದಲ್ಲ ತಪ್ಪು,” ಅಂದಳು ಕೊನೆಗೆ. “ನನ್ನ ಬಾಯಿದು.”

ಅತ್ತಿಗೆ ತಲೆಗೆ ಹೊದ್ದ ಚಾದರದ ತುದಿಯಿಂದ ಕಣ್ಣೊರೆಸಿಕೊಂಡಳು. ಫಖ್ರಿ ಖಾನಂ ಮಾತ್ರ ಗಂಬಳಿಯನ್ನು ಸುರುಳಿ ಸುತ್ತತೊಡಗಿದರು. ಸಂಬಂಧ ಬೇಡ ಅಂತಲೇ ಎಂದು ಅಕ್ಕ ಮೆಲ್ಲಗೆ ಕೇಳಿದಳು.

“ಮನೆಗೆ ಒಯ್ತಿದ್ದೀನಿ,” ಅಂದರು ಫಖ್ರಿ ಖಾನಂ. “ತಪ್ಪು ಒಪ್ಕೊಳ್ಳೋರ ಮಗಳು ನಮಗೆ ಬೇಕೇ ಬೇಕು. ನಮ್ಮನೇಲಿ ಆ ಕೆಲಸ ಬರೋರು ಒಬ್ಬರೂ ಇಲ್ಲ, ನನ್ನನ್ನೂ ಸೇರಿಸಿ.”