ಸುತ್ತಿಗೆಯ ಕೆಳಗಿನ ಖಾಲಿ ಮನೆ

ಆಗ ಚಿನ್ನದ ಗಣಿ ಇನ್ನೂ ನಡೆಯುತ್ತಿತ್ತು. ನೆಲದಡಿ ಬಂಡೆ ಸಿಡಿದರೆ ಕಾರ್ಮಿಕರ ಸಾಲುಮನೆಗಳ ಲೈನಿನಲ್ಲಿ ನಮ್ಮ ಮನೆಯ ತಟ್ಟೆಗಳು ಸಣ್ಣಗೆ ಅದುರುತ್ತಿದ್ದ ದಿನಗಳು. ನಾನು ನಿಂತಿದ್ದದ್ದು ಊರಿಗಾಂನ ಹಳೇ ಬಂಗಲೆಯ ಹಿತ್ತಲಲ್ಲಿ, ಬಾವಿಕಟ್ಟೆಗೆ ಬೆನ್ನು ಕೊಟ್ಟು. ಆರನೇ ತರಗತಿ ಮುಗಿದ ಬೇಸಿಗೆ, ಬೆಳಿಗ್ಗೆ ಸುಮಾರು ಹನ್ನೊಂದು ಗಂಟೆ. ಅಕ್ಕ ವೇಣಿ ನಾಲ್ಕು ಹೆಜ್ಜೆ ಆಚೆ ಹುಣಸೆಮರಕ್ಕೆ ಒರಗಿದ್ದಳು. ಆಮೇಲೆ ಹೋಗಿ ಅಳೆದಿದ್ದೇನೆ, ನಾಲ್ಕೇ.

ಬಂಗಲೆ ಕಾಯುತ್ತಿದ್ದ ಚಿನ್ನಪ್ಪ ತಾತನ ಬಳಿ ಒಂದು ರಿವಾಲ್ವರ್ ಇತ್ತು. ಯಾವ ಕಾಲದಲ್ಲೋ ಅಮೆರಿಕದ ದೊರೆಯೊಬ್ಬ ಬಿಟ್ಟುಹೋದದ್ದಂತೆ. ಕೊಬ್ಬರಿ ಎಣ್ಣೆ ಹಾಕಿ ಅದನ್ನು ಒರೆಸುವಾಗ ನಮ್ಮನ್ನು ಕರೆಯುತ್ತಿದ್ದ.

"ಇದುಕ್ಕೆ ಆ ದೇಸದಾಗೆ ಪೀಸ್‌ಮೇಕರ್ ಅಂತಾರೆ ಕಣ್ಲಾ. ಜಗಳ ಬಿಡ್ಸೋನು."

"ಎಂಗೆ ಬಿಡಿಸ್ತದೆ ತಾತ?"

"ಜಗಳ ಆಡೋರು ಇದ್ರೆ ತಾನೇ ಜಗಳ?"

ಹಿಡಿಯ ಮೇಲಿನ ಏಳು ಗೀರು ತೋರಿಸಿ, ಒಂದೊಂದಕ್ಕೆ ಒಂದು ಹೆಣ ಎನ್ನುತ್ತಿದ್ದ. "ಇಲಿ ಕಡ್ದಿರೋದು ಬಿಡು ತಾತ" ಎಂದು ಅಕ್ಕ ನಗುತ್ತಿದ್ದಳು. ಗೀರಿನ ಮಾತು ಬಹುಪಾಲು ಕಟ್ಟುಕತೆಯೆಂದು ದೊಡ್ಡವನಾದ ಮೇಲೆ ಓದಿದೆ. ತಾತ ಹೇಳಿದ ಇನ್ನೊಂದು ಮಾತು ಮಾತ್ರ ನಿಜ. ಉರುಳೆಯಲ್ಲಿ ಗುಂಡು ಕೂರಲು ಆರು ಮನೆ, ತುಂಬುತ್ತಿದ್ದದ್ದು ಐದಕ್ಕೆ. ಗುಂಡಿನ ಬೆನ್ನಿಗೆ ಬಡಿಯುವ ಸುತ್ತಿಗೆಯ ಕೆಳಗಿನ ಮನೆ ಖಾಲಿ. ಕುದುರೆಯಿಂದ ಬಿದ್ದರೂ ಸಿಡಿಯಬಾರದು ಎಂದು.

"ದೊರೆ ತುಂಬಿದ ಐದೂ ಅಂಗೇ ಅವೆ. ತೆಗೆಯಾಕೆ ನಂಗ್ ಬರಲ್ಲ" ಎಂದು ತಾತ ಆ ದಿನ ಅದನ್ನು ಬಾವಿಕಟ್ಟೆಯ ಮೇಲಿಟ್ಟು, ಬಟ್ಟೆ ತರಲು ಒಳಗೆ ಹೋದ. ನಾನು ಎತ್ತಿಕೊಂಡೆ.

"ಸುತ್ತಿಗೆ ಖಾಲಿ ಮನೆ ಮೇಲೆ ತಾನೇ ಐತೆ? ಒಡಿ ನೋಡಾನ" ಅಂದಳು ಅಕ್ಕ. "ಯಾಕ್ಲಾ ನಿಂತೆ, ಪುಕ್ಕಲ!"

ಹೆಬ್ಬೆರಳಿಂದ ಸುತ್ತಿಗೆಯನ್ನು ಹಿಂದಕ್ಕೆ ಎಳೆದೆ. ಎಳೆದಂತೆ ಗುಂಡಿನ ಉರುಳೆ ಒಂದು ಮನೆ ತಿರುಗಿತು. ಅದನ್ನು ನಾನು ನೋಡಿದೆ. ನೋಡಿಯೂ, ಖಾಲಿ ಮನೆ ಸರಿದುಹೋಯಿತೆಂದು ತಿಳಿಯಲಿಲ್ಲ. ಅಕ್ಕನ ಎದೆಗೆ ಗುರಿಯಿಟ್ಟು ಟ್ರಿಗರ್ ಒತ್ತಿದೆ.

ಟಕ್.

ಅಕ್ಕ ನಕ್ಕಳು. ಬಾಗಿಲಲ್ಲಿ ನಿಂತಿದ್ದ ತಾತ ನಗಲಿಲ್ಲ. "ಅಲ್ಲಾಡಬೇಡ್ರೋ" ಎಂದು ಕೂಗಿ, ರಾತ್ರಿ ಪಾಳಿ ಮುಗಿಸಿ ಮಲಗಿದ್ದ ಅಪ್ಪನನ್ನು ಕರೆತರಲು ಓಡಿದ.

ಅಪ್ಪ ಗಣಿಯಲ್ಲಿ ಬಂಡೆಗೆ ಮದ್ದು ತುಂಬುವ ಕೆಲಸದವನು. ಎಷ್ಟು ತೂತು ತುಂಬಿದರೋ ಅಷ್ಟು ಸದ್ದು ಎಣಿಸಬೇಕು. "ಒಂದು ಸದ್ದು ಕಮ್ಮಿ ಬಂದ್ರೆ ಆ ಮದ್ದು ಸತ್ತಿಲ್ಲ, ಮಲಗೈತೆ" ಎನ್ನುತ್ತಿದ್ದ. ಬಂದವನು ಬೈಯಲಿಲ್ಲ. ನನ್ನ ಕೈಯಿಂದ ರಿವಾಲ್ವರ್ ಬಿಡಿಸಿ, ಮೂತಿ ಗೋಡೆಗೆ ತಿರುಗಿಸಿ ಕಟ್ಟೆಯ ಮೇಲಿಟ್ಟ. ನಮ್ಮೆಲ್ಲರನ್ನೂ ಕಾಂಪೌಂಡಿನ ಆಚೆ ಕೂರಿಸಿ, ಗಣಿಯಲ್ಲಿ ಸಿಡಿಯದ ಮದ್ದಿಗೆ ಕಾಯುವ ಹಾಗೆ ಅರ್ಧ ಗಂಟೆ ಕಾದ. ಯಾರದೋ ಮನೆಯಲ್ಲಿ ಹುರುಳಿ ಬೇಯುವ ವಾಸನೆ ಬರುತ್ತಿತ್ತು.

ಆಮೇಲೆ ಒಬ್ಬನೇ ಒಳಗೆ ಹೋಗಿ, ಐದನ್ನೂ ತೆಗೆದು ಅಂಗೈಯಲ್ಲಿ ತಂದ. ನಾಲ್ಕರ ಹಿಂಬದಿ ನುಣುಪಾಗಿತ್ತು. ಐದನೆಯದರ ನಡುವೆ, ಮೊಳೆಯಿಂದ ಕುಟ್ಟಿದಂತೆ, ಸುತ್ತಿಗೆ ಬಡಿದ ಒಂದು ತಗ್ಗು.

"ಇದು ಮಲಗಿತ್ತು" ಅಂದ.

ಅಕ್ಕ ಆಗ ಕೈಯಿಂದ ಎದೆ ಮುಚ್ಚಿಕೊಂಡಳು.

ಗಣಿ ಮುಚ್ಚಿತು. ತಟ್ಟೆಗಳು ಈಗ ಅದುರುವುದಿಲ್ಲ. ಅಪ್ಪ ಹೋದ, ಅವನಂತೆ ಸದ್ದು ಎಣಿಸುವವರೂ ನಮ್ಮ ಲೈನಿನಲ್ಲಿ ಉಳಿದಿಲ್ಲ. ಬಂಗಾರಪೇಟೆಯಲ್ಲಿ ಮದುವೆ ಮೆರವಣಿಗೆಗೆ ಪಟಾಕಿ ಹಚ್ಚಿದರೆ ನಾನು ನಿಂತು ಎಣಿಸುತ್ತೇನೆ. ನನ್ನ ಲೆಕ್ಕಕ್ಕೆ ಯಾವಾಗಲೂ ಒಂದು ಸದ್ದು ಕಮ್ಮಿ.

ಚಿನ್ನಪ್ಪ ತಾತನೂ ಇಲ್ಲ. ಗುಂಡಿನ ಆ ತಗ್ಗನ್ನು ಕಂಡವರಲ್ಲಿ ಉಳಿದಿರುವುದು ಇಬ್ಬರೇ. ಒಬ್ಬ ನಾನು. ಇನ್ನೊಬ್ಬಳು ಬೂದಿಕೋಟೆಯಲ್ಲಿ ದಿನಾ ಬೆಳಿಗ್ಗೆ ಡೇರಿಗೆ ಹಾಲು ಹಾಕುವ ವೇಣಕ್ಕ. ಅಂದಿನಿಂದ ಅವಳು ನನ್ನನ್ನು ಪುಕ್ಕಲ ಎಂದು ಕರೆದಿಲ್ಲ. ಬದುಕಿದ್ದಾಳೆ.