ಹೊಳೆ ದಾಟಿದ ಇಲಿಗಳು

ಹಿಡಿದ ಇಲಿಗಳನ್ನು ಸೊಸೆ ಕೊಲ್ಲದೆ ಬಿಟ್ಟುಬಿಡುವುದು ಬರೀ ಕರುಣೆಯಿಂದ ಎಂದೇ ಸ್ಟೇಷನ್ ಮಾಸ್ಟರು ಬಹಳ ದಿನ ನಂಬಿದ್ದರು. ನಿವೃತ್ತರಾದರೂ ಬೀದಿಗೆಲ್ಲ ಅವರು ಸ್ಟೇಷನ್ ಮಾಸ್ಟರೇ. ಎದುರುಮನೆಗೆ ಹಾಲು ತಡವಾದರೂ ಕಾರಣ ಕೇಳುವವರು.

ಸೊಸೆಯದು ವೈರಸ್ಸಿನ ಅಧ್ಯಯನ. ಹೊಳೆಯ ಈಚೆ ಆಚೆ ಬದುಗಳಲ್ಲಿ ಬೋನಿಟ್ಟು ಕಾಡಿಲಿ ಹಿಡಿಯುತ್ತಾಳೆ, ಒಂದು ತೊಟ್ಟು ರಕ್ತ ತೆಗೆದು, ಕಿವಿಗೊಂದು ಗುರುತಿನ ಬಿಲ್ಲೆ ಚುಚ್ಚಿ, ಹಿಡಿದಲ್ಲೇ ಬಿಡುತ್ತಾಳೆ. ಎರಡೂ ದಡದ ಇಲಿಗಳಲ್ಲಿರುವುದು ಒಂದೇ ವೈರಸ್ಸು. ಆದರೆ ದಡಕ್ಕೊಂದು ಚಹರೆ, ದಾಯಾದಿಗಳ ಮೂಗಿನ ಹಾಗೆ. ಯಾವ ಚಹರೆ ಎಲ್ಲಿಯವರೆಗೆ ಹಬ್ಬಿದೆ ಎಂದು ಅವಳು ವರ್ಷಗಟ್ಟಲೆಯಿಂದ ನಕ್ಷೆ ಬರೆಯುತ್ತಿದ್ದಾಳೆ. ಊಟಕ್ಕೆ ಕೂತಾಗಲೂ ವೈರಸ್ಸು ಹರಡುವ ಇಲಿಮೂತ್ರದ್ದೇ ಮಾತು; ಅತ್ತೆ ಸೌಟು ಎತ್ತಿದರೆ ಮಾತ್ರ ನಿಲ್ಲಿಸುತ್ತಾಳೆ.

ಕಳೆದ ಚಳಿಗಾಲದಲ್ಲಿ ಅವಳ ಕಾಲು ಉಳುಕಿತು. ಇಲಿ ಬಿಟ್ಟು ಬರುವ ಕೆಲಸವನ್ನು ಮಾವ ತಾವಾಗಿ ಹೊತ್ತರು.

"ಹಿಡಿದ ಬದುವಲ್ಲೇ ಬಿಡಿ ಮಾವ," ಎಂದು ಕೈಗವಸು, ಮಾಸ್ಕು ಕೊಟ್ಟಳು.

"ರೈಲನ್ನೇ ಬಿಟ್ಟವನಮ್ಮ ನಾನು, ಇಲಿ ಬಿಡಲಾರೆನಾ?"

ಬೇಸಿಗೆ ಬಂತು. ಒಂದು ಸಂಜೆ ಸೊಸೆ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದಳು.

"ಮಾವ, ನಮ್ಮ ದಡದ ಬಿಲ್ಲೆ ಇಲಿಗಳು ಆಚೆ ಸಿಕ್ಕಿವೆ! ನಮ್ಮ ವೈರಸ್ಸೂ ಅಲ್ಲಿನವಕ್ಕೆ ಹತ್ತಿದೆ. ಹೊಳೆಯೇ ಗಡಿ ಅಂದ್ಕೊಂಡಿದ್ವಿ, ಈಜಿಬಿಟ್ಟಿವೆ! ನಾಳೆ ಸಭೇಲಿ ದೊಡ್ಡ ವಿಜ್ಞಾನಿಗಳ ಮುಂದೆ ಇದನ್ನೇ ಹೇಳ್ತೀನಿ."

"ಈಜೋದೆಲ್ಲಿ ಬಂತು?" ಮಾವನ ಎದೆ ಉಬ್ಬಿತು. "ನಾನೇ ಸೇತುವೆ ಮೇಲೆ ದಾಟಿಸಿದೆ. ಒಂದರ ಬಾಲವೂ ನೆನೆದಿಲ್ಲ. ಇಲ್ಲೇ ಬಿಟ್ಟರೆ ಪಾಪ, ಮತ್ತೆ ನಿನ್ನ ಬೋನಿಗೇ ಬೀಳ್ತವೆ ಅಂತ ಒಂದು ಸ್ಟೇಷನ್ ಮುಂದಕ್ಕೆ ಇಳಿಸಿದೆ."

ಸೊಸೆ ಕುರ್ಚಿಯಲ್ಲಿ ಕುಸಿದಳು. ನಾಳೆಯ ಮಾತೆಲ್ಲ ನೀರುಪಾಲು. ಅವಳ ಮುಖ ನೋಡಿ ಮಾವನ ಎದೆಯೂ ಗಾಳಿ ಹೋದ ಟೈರಾಯಿತು.

"ಕೈ ತೋರಿಸಿ ಮೊದಲು. ಯಾವುದಾದರೂ ಕಚ್ಚಿತ್ತಾ?"

"ಇಲ್ಲಮ್ಮ. ಗವಸು ತೆಗೆದೇ ಇಲ್ಲ."

ಅವಳು ಒಂದೊಂದೇ ಬೆರಳು ಹಿಡಿದು, ಮಗುವಿನ ಕೈ ನೋಡುವಂತೆ ತಿರುಗಿಸಿ ನೋಡಿದಳು. ಆಮೇಲೆ ಮೇಲಧಿಕಾರಿಗೆ ಫೋನು ಮಾಡಿದಳು. "ಸರ್, ಇಲಿ ಈಜಿಲ್ಲ. ದಾಟಿಸಿದವರು ನಮ್ಮ ಮಾವ."

ಆ ಕಡೆಯ ನಗು ಅಡುಗೆಮನೆಯವರೆಗೂ ಕೇಳಿತು. "ಹಾಗಾದ್ರೆ ಅದನ್ನೇ ಹೇಳಮ್ಮ. ಹೊಳೆ ತಡೆದಿದ್ದನ್ನ ಮನುಷ್ಯ ದಾಟಿಸಿದ ಅಂತ. ಅದೂ ಸುದ್ದಿಯೇ."

ಸುದ್ದಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಮಾವ ಚೇತರಿಸಿಕೊಂಡು ಅಂಗಿಯ ಕಾಲರು ಸರಿಮಾಡಿಕೊಂಡರು.

"ಹಾಗಾದ್ರೆ ನಿನ್ನ ನಕ್ಷೇಲಿ ನನ್ನ ಹೆಸರೂ ಹಾಕ್ತೀಯೇನಮ್ಮ?"

"ಹಾಕ್ತೀನಿ ಮಾವ. ವೈರಸ್ ಹರಡೋ ಪ್ರಾಣಿಗಳ ಸಾಲಲ್ಲಿ."