ಶೀನಣ್ಣನ ಸೊಪ್ಪು

ಶೀನಣ್ಣನ ಗ್ಯಾರೇಜಿನಲ್ಲಿ ಕೆಲಸ ಮುಗಿಯದ ಕಾರಿನ ಸ್ಟಿಯರಿಂಗಿಗೆ ಒಂದು ಹಿಡಿ ಹಸಿರು ಸೊಪ್ಪು ಸಿಕ್ಕಿಸಿರುತ್ತಿತ್ತು. ಕೆಟ್ಟು ನಿಂತ ಲಾರಿಯ ಹಿಂದೆ ಕೊಂಬೆ ಇಡುವುದಿಲ್ಲವೇ, ಹಾಗೆ. ಸೊಪ್ಪು ಇದ್ದರೆ ಮುಟ್ಟಬಾರದು. ಇಲ್ಲದಿದ್ದರೆ ಗೋಡೆಯ ಮೊಳೆಯಿಂದ ಕೀ ತೆಗೆದುಕೊಂಡು ಹೋಗಬಹುದು, ಕೇಳುವುದೂ ಬೇಡ. ಮಡಂತ್ಯಾರಿನಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಕಾನೂನು. "ಬೋರ್ಡು ಬರೆದರೆ ಓದುವವರು ಯಾರು ಮಾರಾಯ? ಸೊಪ್ಪಾದರೆ ದನಕ್ಕೂ ಕಾಣ್ತದೆ" ಎನ್ನುತ್ತಿದ್ದ.

ನನ್ನ ಅಣ್ಣ ಸುಧಾಕರ ಮನೆಯವರ ಬೈಗುಳ ತಿಂದು ಒಂದು ಕೆಂಪು ಸ್ಪೋರ್ಟ್ಸ್ ಕಾರು ತಂದಿದ್ದ. ಎರಡೇ ಸೀಟು. ಅಣ್ಣನಿಗಿಂತ ಅದಕ್ಕೇ ಹೆಚ್ಚು ವಯಸ್ಸು. ಶೀನಣ್ಣ ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು, ಕಣ್ಣು ಮುಚ್ಚಿ ಕೇಳುತ್ತಿದ್ದ. "ಅಜ್ಜಿಗೆ ಇವತ್ತು ಹೊಟ್ಟೆ ಸರಿ ಇಲ್ಲ" ಎಂದು ತೀರ್ಪು ಕೊಡುತ್ತಿದ್ದ. ಎಲ್ಲೂ ಸಿಗದ ಬಿಡಿಭಾಗಗಳನ್ನು ಮೂಡುಬಿದಿರೆಯ ಲೇತಿನಲ್ಲಿ ತಾನೇ ನಿಂತು ಮಾಡಿಸಿ ತರುತ್ತಿದ್ದ.

ಅಣ್ಣ ಮುಂಡಾಜೆಗೆ ಹೆಣ್ಣು ನೋಡಲು ಹೊರಟ ದಿನ, ಕಾರು ಒರೆಸಿಡುವ ಎಂದು ನಾನು ಮೊದಲೇ ಗ್ಯಾರೇಜಿಗೆ ಹೋದೆ. ಶೀನಣ್ಣ ಊಟಕ್ಕೆ ಹೋಗಿದ್ದ. ಸ್ಟಿಯರಿಂಗಿನಲ್ಲಿದ್ದ ಸೊಪ್ಪು ಬಾಡಿ ಜೋತುಬಿದ್ದಿತ್ತು. ನಿನ್ನೆಯದಿರಬೇಕು, ಕೆಲಸ ಮುಗಿದರೂ ತೆಗೆಯಲು ಮರೆತಿದ್ದಾನೆ ಎಂದುಕೊಂಡು ಅದನ್ನು ಚರಂಡಿಗೆ ಎಸೆದೆ. ನನ್ನ ಬುದ್ಧಿಗೆ ಬೆಂಕಿ ಬೀಳಲಿ. ಅಣ್ಣ ಬಂದ, ಸೊಪ್ಪಿಲ್ಲದ್ದು ನೋಡಿದ, ಕೀ ತೆಗೆದುಕೊಂಡು ಹೋದ. ಒಂದು ಚಕ್ರದ ಬ್ರೇಕಿನ ಕೆಲಸ ಬಾಕಿ ಇತ್ತು. ಮುಂಡಾಜೆಯ ತಿರುವಿನಲ್ಲಿ ಬ್ರೇಕು ಹಿಡಿಯಲಿಲ್ಲ.

ಶೀನ ಸೊಪ್ಪಿಡಲು ಮರೆತ ಎಂದು ಊರು ಹೇಳಿತು. ಅವನು ನಮ್ಮ ಅಂಗಳಕ್ಕೆ ಬಂದು ಅಮ್ಮನ ಎದುರು ನಿಂತು, "ಹೌದು ಅಕ್ಕ, ನನ್ನದೇ ತಪ್ಪು" ಎಂದ. ಅಮ್ಮ ಮಣ್ಣು ಹಿಡಿದು ಶಾಪ ಹಾಕಿದಳು. ನಾನು ಕಂಬಕ್ಕೆ ಒರಗಿ ನಿಂತಿದ್ದೆ.

ಜಜ್ಜಿಹೋದ ಆ ಕಾರನ್ನು ಎಳೆಸಿ ತಂದು ಶೀನಣ್ಣ ಹನ್ನೊಂದು ವರ್ಷ ರಿಪೇರಿ ಮಾಡಿದ. ತಗಡು ಬಡಿದ, ಬಣ್ಣ ಹೊಡೆದ, ಶನಿವಾರ ಶನಿವಾರ ಇಂಜಿನ್ ಚಾಲೂ ಮಾಡಿ ಕಿವಿಗೊಟ್ಟ. ದಿನಾ ಬೆಳಿಗ್ಗೆ ಹೊಸ ಸೊಪ್ಪು ಸಿಕ್ಕಿಸಿದ, ಒಂದು ದಿನವೂ ಬಾಡಲು ಬಿಡಲಿಲ್ಲ. ರಸ್ತೆಯಿಂದ ನೋಡಿದರೆ ಆ ಸೀಟಿನಲ್ಲಿ ಯಾರೋ ಕೂತು ಸ್ಟಿಯರಿಂಗ್ ಹಿಡಿದಂತೆ ಕಾಣುತ್ತಿತ್ತು. ನನಗೆ ಹೆದರಿಕೆಯಾಗುತ್ತಿತ್ತು.

"ಇನ್ನೂ ಮುಗಿಯಲಿಲ್ಲವಾ ಶೀನಣ್ಣ?"

"ಒಂದು ಚೂರು ಕೆಲಸ ಉಂಟು."

ಅವನು ಹಾಸಿಗೆ ಹಿಡಿದಾಗ ಹೋಗಿ ಕೂತೆ. "ಆ ದಿನ ಸೊಪ್ಪು ತೆಗೆದದ್ದು ನಾನು" ಎಂದೆ.

"ಗೊತ್ತುಂಟು ಮಾರಾಯ. ಚರಂಡಿಯಲ್ಲಿ ಬಿದ್ದದ್ದನ್ನು ಕಂಡಿದ್ದೇನೆ."

"ಮತ್ತೆ ಯಾಕೆ ಹೇಳಲಿಲ್ಲ?"

"ಅಕ್ಕನ ಒಬ್ಬ ಮಗ ಹೋಗಿ ಆಗಿತ್ತು. ಇನ್ನೊಬ್ಬನನ್ನೂ ಕಳೆಯುವುದಾ?" ಉಸಿರು ಎಳೆದುಕೊಂಡ. "ಬಾಡಿದ್ದನ್ನು ಬದಲಿಸದೆ ಊಟಕ್ಕೆ ಹೋದದ್ದು ನಾನೇ ಅಲ್ವಾ."

ಮರುವಾರ ಹೋಗಿಬಿಟ್ಟ. ಕಾರು ಈಗ ನಮ್ಮ ಅಂಗಳದಲ್ಲಿ ಉಂಟು. ಕೀಯ ಒಂದೇ ತಿರುವಿಗೆ ಚಾಲೂ ಆಗುತ್ತದೆ. ನಾಲ್ಕೂ ಚಕ್ರಕ್ಕೆ ಬ್ರೇಕು ಹಿಡಿಯುತ್ತದೆ. ದಿನಾ ಬೆಳಿಗ್ಗೆ ನಾನು ಬೇಲಿಯಿಂದ ಸೊಪ್ಪು ಕಿತ್ತು ಸ್ಟಿಯರಿಂಗಿಗೆ ಸಿಕ್ಕಿಸುತ್ತೇನೆ.

"ಆ ಕೊಲೆಗಾರನ ಹುಚ್ಚು ನಿನಗೂ ಹಿಡಿಯಿತಾ?" ಎಂದು ಅಮ್ಮ ಜಗಲಿಯಿಂದ ಕೇಳುತ್ತಾಳೆ.

"ಒಂದು ಚೂರು ಕೆಲಸ ಉಂಟು ಅಮ್ಮ" ಎನ್ನುತ್ತೇನೆ.